ಮಂಡ್ಯದಲ್ಲೇ ಇದ್ದುಕೊಂಡು ಅಣಕು ವರದಿಗಾರನಾಗಿ ಕಾಮಿಡಿಯಲ್ಲಿ ಬೆಳೆಯಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಡಿಗ್ರಿ ಮುಗಿದಿದೆ, ಊರು ಮಂಡ್ಯ. ಅಮೆರಿಕದ ‘ದ ಡೈಲಿ ಶೋ’ ವರದಿಗಾರರ ಹಾಗೆ ಸುದ್ದಿಯನ್ನು ಅಣಕ ಮಾಡಿ ಹೆಸರು ಮಾಡಬೇಕು. ಬೆಂಗಳೂರಿಗೆ ಹೋಗಲೇಬೇಕಾ, ಎಲ್ಲಿಂದ ಶುರು ಮಾಡೋದು, ಮನೆಯಲ್ಲಿ ಏನು ಹೇಳೋದು?

ಬೆಂಗಳೂರು ಸದ್ಯಕ್ಕೆ ಬೇಡ. ಕಾಮಿಡಿ ಕೂಡ ಸದ್ಯಕ್ಕೆ ಬೇಡ. ಮೊದಲು ಒಂದಷ್ಟು ದಿನ ನಿಜವಾದ ವರದಿಗಾರರ ಹಿಂದೆ ಸುತ್ತಿ.

ನಾನು ಮಂಡ್ಯ ಜಿಲ್ಲೆಯಲ್ಲಿ ಒಂದು ಸುದ್ದಿ ಚಾನೆಲ್‌ಗೆ ಸ್ಟ್ರಿಂಗರ್ (ಕಾಯಂ ಅಲ್ಲದ ಸ್ಥಳೀಯ ವರದಿಗಾರ) ಆಗಿದ್ದವನು. ಈಗ ಮೈಸೂರಿನಲ್ಲಿದ್ದು ಅಣಕು ವರದಿ ಮಾಡುತ್ತೇನೆ, ಕಾರ್ಯಕ್ರಮ ನಿರೂಪಣೆ ಮಾಡುತ್ತೇನೆ, ಬೇರೆಯವರಿಗೆ ಸ್ಕ್ರಿಪ್ಟ್ ಬರೆದುಕೊಡುತ್ತೇನೆ. ಸ್ಟ್ರಿಂಗರ್‌ಗೆ ಸ್ಟೋರಿಗೆ ಇಷ್ಟು ಅಂತ ದುಡ್ಡು, ಅದೂ ಬಂದಾಗ ಬಂತು. ಆದರೆ ಈಗ ನಾನು ಮಾಡುವ ತಮಾಷೆಯ ಮುಕ್ಕಾಲು ಪಾಲು ಸಾಮಾನು ಅಲ್ಲಿ ಸಿಕ್ಕಿದ್ದೇ. ಸಂಜಯ ಸರ್ಕಲ್‌ನಲ್ಲಿ ಕಾವೇರಿ ಪ್ರತಿಭಟನೆ ಮುಗಿದಿರುತ್ತದೆ, ಎಲ್ಲರೂ ಟೀ ಕುಡಿಯುತ್ತಿರುತ್ತಾರೆ. ಆಗ ಒಂದು ಚಾನೆಲ್‌ನವರು ಓಡಿಬರುತ್ತಾರೆ. ಅವರಿಗಾಗಿ ಲೋಟ ಕೆಳಗಿಟ್ಟು, ರಸ್ತೆಯಲ್ಲಿ ಕೂತು, ಮತ್ತೆ ಅದೇ ಸಿಟ್ಟಿನಲ್ಲಿ ಘೋಷಣೆ ಕೂಗುತ್ತಾರೆ. ಸಿಟ್ಟು ಸುಳ್ಳಲ್ಲ, ನೀರಿನ ಕಷ್ಟವೂ ಸುಳ್ಳಲ್ಲ. ಎರಡನೇ ಟೇಕ್ ಮಾತ್ರ ಕ್ಯಾಮೆರಾಗೆ. ಇಂಥದ್ದನ್ನು ರೂಮಿನಲ್ಲಿ ಕೂತು ಯೋಚಿಸಿ ಬರೆಯಲು ಆಗುವುದಿಲ್ಲ.

‘ಡೈಲಿ ಶೋ’ ಶುರುವಾದದ್ದು 1996ರಲ್ಲಿ, ಕಾಮಿಡಿ ಸೆಂಟ್ರಲ್ ಚಾನೆಲ್‌ನಲ್ಲಿ. 1999ರಲ್ಲಿ ಜಾನ್ ಸ್ಟೀವರ್ಟ್ ಬಂದ ಮೇಲೆ ಅದಕ್ಕೆ ರಾಜಕೀಯದ ಖಾರ ಹತ್ತಿತು. ಅಲ್ಲಿ ವರದಿಗಾರರಾಗಿದ್ದ ಸ್ಟೀಫನ್ ಕೋಲ್ಬೇರ್, ಸ್ಟೀವ್ ಕರೆಲ್ ಇಬ್ಬರೂ ಅದಕ್ಕೂ ಮೊದಲು ಶಿಕಾಗೋದ ಸೆಕೆಂಡ್ ಸಿಟಿ ತಂಡದಲ್ಲಿ ಸ್ಥಳದಲ್ಲೇ ಮಾತು ಕಟ್ಟಿ ನಾಟಕ ಆಡಿ ಪಳಗಿದವರು. ಸ್ಟುಡಿಯೋದಲ್ಲೇ ಹಸಿರು ಪರದೆಯ ಮುಂದೆ ನಿಂತು, ದೂರದ ಯುದ್ಧಭೂಮಿಯಿಂದ ನೇರ ಪ್ರಸಾರ ಅಂತ ಮುಖ ಗಂಟು ಹಾಕಿಕೊಂಡು ಹೇಳುವುದು ಅಲ್ಲಿನ ಹಳೆಯ ಆಟ. ಏನೂ ಗೊತ್ತಿಲ್ಲದಿದ್ದರೂ ಎಲ್ಲ ಗೊತ್ತಿರುವ ಗತ್ತು. ಪೆದ್ದ ಅಂದರೆ ಆ ವರದಿಗಾರನೇ, ಎದುರಿಗೆ ಸಿಕ್ಕ ಜನ ಅಲ್ಲ. ನೀವು ಅವರಿಂದ ಇದೊಂದನ್ನು ಕಲಿತರೂ ಸಾಕು.

ಹಳ್ಳಿಯವರ ಬಾಯಿಗೆ ಮೈಕ್ ಹಿಡಿದು, ಅವರ ಇಂಗ್ಲಿಷ್ ತಪ್ಪಿಗೆ ಹಿಂದಿನಿಂದ ನಗುವ ಸದ್ದು ಹಾಕುವ ವಿಡಿಯೋಗಳು ಬೇಕಾದಷ್ಟಿವೆ. ವ್ಯೂಸ್ ಕೂಡ ಜಾಸ್ತಿ ಬರುತ್ತದೆ. ನನಗೆ ಅವು ಅಣಕು ವರದಿ ಅನ್ನಿಸುವುದಿಲ್ಲ, ಬರೀ ಕೀಟಲೆ.

ನಾವು ಮಾಡಿದ್ದ ಒಂದನ್ನು ಹೇಳುತ್ತೇನೆ. ಮಳೆಗಾಲದಲ್ಲಿ ಕೆಆರ್‌ಎಸ್ ನೀರಿನ ಮಟ್ಟ ನಮ್ಮ ಕಡೆ ದಿನಾ ಸುದ್ದಿ, ನಿಮಗೇ ಗೊತ್ತು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ತುಂಬಿದರೆ ಮುಖ್ಯಮಂತ್ರಿ ಬಂದು ಬಾಗಿನ ಕೊಡುತ್ತಾರೆ. ನಾವು ಅದೇ ಧಾಟಿಯಲ್ಲಿ ಒಂದು ಬಡಾವಣೆಯ ರಸ್ತೆ ಗುಂಡಿಯ ಮುಂದೆ ನಿಂತೆವು. ಕೈಯಲ್ಲಿ ಟೈಲರ್ ಟೇಪು. “ಗುಂಡಿಯ ಗರಿಷ್ಠ ಮಟ್ಟ ಒಂಬತ್ತು ಇಂಚು, ಇಂದಿನ ಮಟ್ಟ ಏಳೂವರೆ. ಮೇಲಿನ ಮನೆಯವರು ಬಟ್ಟೆ ಒಗೆಯುತ್ತಿರುವುದರಿಂದ ಒಳಹರಿವು ಹೆಚ್ಚಾಗಿದೆ. ಇದೇ ರೀತಿ ಮುಂದುವರಿದರೆ ಸಂಜೆಯೊಳಗೆ ಭರ್ತಿಯಾಗಲಿದ್ದು, ಬಾಗಿನಕ್ಕೆ ಗಣ್ಯರ ದಿನಾಂಕ ಕೇಳಲಾಗಿದೆ.” ಬರೆದದ್ದು ಇಷ್ಟೇ. ಅಷ್ಟರಲ್ಲಿ ಸೊಪ್ಪು ಮಾರಿಕೊಂಡು ಬಂದ ಒಬ್ಬ ಅವ್ವ ಬುಟ್ಟಿ ಇಳಿಸಿ, ಗುಂಡಿ ನೋಡಿ, “ಇದ್ರಲ್ಲಿ ತಮಿಳ್ನಾಡ್ಗೆ ಎಷ್ಟ್ ಬುಡ್ತಾರಪ್ಪ?” ಅಂದರು. ನಾನು ನಗಲಿಲ್ಲ. “ಅವ್ವಾ, ಅದು ಪ್ರಾಧಿಕಾರದ ಸಭೆಯಲ್ಲಿ ತೀರ್ಮಾನ ಆಗ್ಬೇಕು” ಅಂದೆ. ಕ್ಯಾಮೆರಾ ಹಿಡಿದಿದ್ದವನು ನಕ್ಕು ಫ್ರೇಮು ಅಲುಗಾಡಿತು, ಅದನ್ನೂ ಹಾಗೇ ಬಿಟ್ಟೆವು. ಆ ವಿಡಿಯೋ ಓಡಿದ್ದು ಅವರ ಒಂದು ಮಾತಿನಿಂದ. ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಹಾಕಿದ್ದು.

ಗಮನಿಸಿ, ನಾನು ಅಲ್ಲಿ ನಕ್ಕಿದ್ದರೆ ಅದು ಸುಮ್ನೆ ಬೀದಿ ಹರಟೆ ಆಗುತ್ತಿತ್ತು. ಮುಖ ಗಟ್ಟಿ ಇಟ್ಟುಕೊಳ್ಳುವುದಕ್ಕೆ ಅಭ್ಯಾಸ ಬೇಕು. ಟಿವಿ ಲೈವ್ ಚಾಟ್‌ಗಳನ್ನು ಸೌಂಡ್ ತೆಗೆದು ನೋಡಿ. ಆಂಕರ್ ಪ್ರಶ್ನೆ ಮುಗಿದ ಮೇಲೂ ವರದಿಗಾರ ಕಿವಿಯ ಇಯರ್‌ಫೋನ್ ಒತ್ತಿಕೊಂಡು ಸುಮ್ಮನೆ ತಲೆಯಾಡಿಸುತ್ತಿರುತ್ತಾನೆ. ಲಿಂಕ್ ತಡವಾಗುವುದರಿಂದ ಪ್ರಶ್ನೆ ಇನ್ನೂ ಅವನಿಗೆ ತಲುಪಿರುವುದಿಲ್ಲ. ಆಮೇಲೆ ಸೌಂಡ್ ಹಾಕಿ ಕೇಳಿ. “ಹೌದು, ಖಂಡಿತವಾಗಿಯೂ” ಅಂತ ಶುರು, ಆಂಕರ್ ಕೇಳಿದ್ದನ್ನೇ ಉತ್ತರವಾಗಿ ವಾಪಸ್, “ಅಂತಾನೇ ಹೇಳಬಹುದು” ಅಂತ ಮುಗಿತಾಯ. ಹೊಸ ವಿಷಯ ಏನೂ ಇಲ್ಲ, ಆದರೂ ಐದು ನಿಮಿಷ ತುಂಬಬೇಕು. ನಾನೂ ತುಂಬಿದ್ದೇನೆ. ಅದು ಸುಲಭದ ಕೆಲಸ ಅಲ್ಲ. ಕೆಲಸ ಗೊತ್ತಿರುವವನು ಅಣಕ ಮಾಡಿದರೆ ವರದಿಗಾರರೇ ಶೇರ್ ಮಾಡುತ್ತಾರೆ.

ದಸರಾ ಆನೆಗಳ ತೂಕವನ್ನೇ ನೋಡಿ. ಗಜಪಡೆ ಮೈಸೂರಿಗೆ ಬಂದ ಮೇಲೆ ಒಂದೊಂದೇ ಆನೆಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸುತ್ತಾರೆ. ಅದಕ್ಕೆ ಕಾರಣ ಇದೆ. ಆರೋಗ್ಯ ನೋಡಬೇಕು, 750 ಕೆ.ಜಿ. ಅಂಬಾರಿ ಹೊರುವ ತಯಾರಿ ಹೇಗಿದೆ ಅಂತ ತಿಳಿಯಬೇಕು. ಆದರೆ ಸುತ್ತ ಮೈಕ್ ಹಿಡಿದ ಗುಂಪು ಕ್ರಿಕೆಟ್ ಸ್ಕೋರ್ ಹಾಗೆ ಕೂಗುವುದನ್ನು ನೋಡಬೇಕು ನೀವು! ಆನೆಯನ್ನು ಅಣಕ ಮಾಡಲು ಬರುವುದಿಲ್ಲ, ಮಾವುತರನ್ನಂತೂ ಮಾಡಲೇಬಾರದು. ಪಕ್ಕದಲ್ಲೇ ವರದಿಗಾರರನ್ನು ಸಾಲಾಗಿ ತೂಗಿ, ಕಳೆದ ದಸರಾಕ್ಕಿಂತ ಯಾರು ಎಷ್ಟು ಹೆಚ್ಚಾಗಿದ್ದಾರೆ, ಏನು ಆಹಾರ ಕೊಡುತ್ತಿದ್ದಾರೆ ಅಂತ ವರದಿ ಮಾಡಿ. ಈ ಐಡಿಯಾ ನಿಮಗೇ ಬಿಟ್ಟಿದ್ದೇನೆ, ಇಟ್ಟುಕೊಳ್ಳಿ.

ಇದೆಲ್ಲ ಅಮೆರಿಕದಿಂದ ಬಂದದ್ದು ಅಂದುಕೊಳ್ಳಬೇಡಿ. ಮೈಸೂರಿನಲ್ಲಿ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ ನಾಟಕದಲ್ಲಿ ಆಯಾ ದಿನಗಳ ರಾಜಕೀಯವನ್ನು ಎಳೆದು ತಂದು ಮಂತ್ರಿಗಳನ್ನು ಝಾಡಿಸುತ್ತಿದ್ದರು. 1942ರಲ್ಲಿ ರಾಶಿಯವರು (ಡಾ. ಎಂ. ಶಿವರಾಂ) ಶುರು ಮಾಡಿದ ‘ಕೊರವಂಜಿ’ ಹಾಸ್ಯ ಪತ್ರಿಕೆಗೆ ಮೈಸೂರಿನ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆಯುತ್ತಿದ್ದರು. ನಮ್ಮ ಜನಕ್ಕೆ ಈ ರುಚಿ ಹೊಸದಲ್ಲ.

ಹಾಗಾಗಿ ತರಬೇತಿಗೂ ದೂರ ಹೋಗಬೇಕಿಲ್ಲ. ಮೈಸೂರಿನಲ್ಲಿ ರಂಗಾಯಣ ಇದೆ, ಮಂಡ್ಯ ರಮೇಶ್ ಅವರ ‘ನಟನ’ ಇದೆ. ಎಲ್ಲಾದರೂ ಒಂದು ನಾಟಕ ತಂಡದಲ್ಲಿ ಸೇರಿ, ಪರದೆ ಎಳೆಯುವ ಕೆಲಸ ಕೊಟ್ಟರೂ ಸರಿ. ಎದುರಿನವನು ಬರೆಯದ ಮಾತು ಆಡಿದಾಗ ಪಾತ್ರ ಬಿಡದೆ ಉತ್ತರ ಕೊಡುವುದು ಅಲ್ಲಿ ಮಾತ್ರ ಬರುತ್ತದೆ. ಸ್ಟ್ಯಾಂಡಪ್ ಮಾಡಿದರೆ ಬರುವುದು ಬೇರೆ ವಿದ್ಯೆ.

ಕಾನೂನಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಭಾರತೀಯ ನ್ಯಾಯ ಸಂಹಿತೆ 356ನೇ ಕಲಂ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಸಜೆ ಇದೆ. ‘ತಮಾಷೆಗೆ ಅಂದೆ’ ಅಂದ ಮಾತ್ರಕ್ಕೆ ಬಿಡುವುದಿಲ್ಲ. ವ್ಯಕ್ತಿಯ ಮೇಲೆ ಇಲ್ಲದ ಆರೋಪ ಕಟ್ಟಬೇಡಿ. ನಿಜವಾಗಿ ನಡೆದದ್ದನ್ನೇ ಇಟ್ಟುಕೊಂಡು ನಿಮ್ಮ ವರದಿಗಾರನ ಪೆದ್ದುತನವನ್ನು ಸೇರಿಸಿ. ನಿಜವಾದ ಚಾನೆಲ್‌ನ ಲೋಗೋ ಬಳಸಬೇಡಿ, ಮೈಕಿಗೆ ಸಿಕ್ಕಿಸುವ ಥರ್ಮಾಕೋಲ್ ಡಬ್ಬಿಗೆ ನಿಮ್ಮದೇ ಹೆಸರು ಅಂಟಿಸಿ. ‘ಅಣಕು ವರದಿ’ ಅನ್ನುವುದು ವಿಡಿಯೋದ ಮೂಲೆಯಲ್ಲಿ ಕೊನೆವರೆಗೂ ಇರಲಿ. ಕೆಳಗಿನ ವಿವರಣೆಯಲ್ಲಿ ಬರೆದರೆ ಯಾರೂ ಓದುವುದಿಲ್ಲ. ನಮ್ಮದೊಂದು ತುಣುಕನ್ನು ಯಾರೋ ಕತ್ತರಿಸಿ ವಾಟ್ಸಾಪ್‌ಗೆ ಬಿಟ್ಟಿದ್ದರು. ಅದು ಸುತ್ತಿ ಸುತ್ತಿ ನಮ್ಮ ಸೋದರಮಾವನಿಗೆ ತಲುಪಿ, ಅವರು ನನಗೇ ಕಳಿಸಿ “ಇದು ನಿಜಾನಾ ನೋಡಿ ಹೇಳಪ್ಪ” ಅಂದರು. ಅದರಲ್ಲಿ ಮಾತಾಡುತ್ತಿದ್ದವನು ನಾನೇ.

ಇನ್ನು ದುಡ್ಡು. ‘ಡೈಲಿ ಶೋ’ದಲ್ಲಿ ವರದಿಗಾರನ ಕೆಲಸ ಒಂದು ಮೆಟ್ಟಿಲು. ಜಾನ್ ಆಲಿವರ್ 2006ರಲ್ಲಿ ಸೇರಿದರು. 2013ರಲ್ಲಿ ಸ್ಟೀವರ್ಟ್ ಸಿನಿಮಾ ಮಾಡಲು ರಜೆ ಹಾಕಿದಾಗ ನಿರೂಪಕನ ಕುರ್ಚಿಯಲ್ಲಿ ಕೂತರು, 2014ರಲ್ಲಿ ಸ್ವಂತ ಶೋ. ನಮಗೆ ಆ ದಾರಿ ಇಲ್ಲ, ನಾವೇ ಚಾನೆಲ್, ನಾವೇ ಡೆಸ್ಕ್. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳ ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ಅದು ಆದ ಮೇಲೂ ಬರುವ ದುಡ್ಡಿನಲ್ಲಿ ಮನೆ ನಡೆಸಲು ಆಗುತ್ತದೆ ಅಂತ ನಾನು ಹೇಳಲಾರೆ. ನನ್ನ ಮನೆ ನಡೆಯುವುದು ಕಾಲೇಜು ಫಂಕ್ಷನ್, ರಾಜ್ಯೋತ್ಸವ, ಗಣಪತಿ ಪೆಂಡಾಲ್‌ಗಳ ನಿರೂಪಣೆಯಿಂದ ಮತ್ತು ಸ್ಕ್ರಿಪ್ಟ್ ಬರೆಯುವುದರಿಂದ. ವಿಡಿಯೋ ನೋಡಿದವರೇ ಆ ಕೆಲಸಕ್ಕೆ ಕರೆಯುತ್ತಾರೆ. ಹಾಗಾಗಿ ಬೇರೆ ಒಂದು ಸಂಪಾದನೆ ಇಟ್ಟುಕೊಂಡೇ ಇಳಿಯಿರಿ. ಸ್ಪಾನ್ಸರ್ ಬರುತ್ತಾರೆ, ಆದರೆ ಚುನಾವಣೆ ಹತ್ತಿರ ಬಂದಾಗ ಬರುವವರ ಬಗ್ಗೆ ಎಚ್ಚರ. ಒಂದು ಪಕ್ಷದ ಕಾಸು ಮುಟ್ಟಿದರೆ ಆಮೇಲೆ ಆ ಕಡೆ ಮೈಕ್ ತಿರುಗುವುದಿಲ್ಲ.

ಮನೆಯಲ್ಲಿ ಏನು ಹೇಳೋದು ಅಂದಿರಲ್ಲ, “ಮೀಡಿಯಾದಲ್ಲಿದ್ದೇನೆ” ಅನ್ನಿ. ನಮ್ಮಪ್ಪ ನೆಂಟರಿಗೆಲ್ಲ ಇವತ್ತಿಗೂ ಹಾಗೇ ಹೇಳುವುದು. ಯಾವ ಚಾನೆಲ್ ಅಂತ ಯಾರಾದರೂ ಕೇಳಿದರೆ ಮಾತ್ರ ಕಾಫಿ ತರುತ್ತೇನೆ ಅಂತ ಒಳಗೆ ಎದ್ದು ಹೋಗುತ್ತಾರೆ.