ಯಾದಗಿರಿ ಕಡೆಯ ರೋಗಿಗಳ ವಿಷಯದಲ್ಲಿ ಎಐ ಹೇಳಿದ್ದನ್ನು ನಂಬಬಹುದಾ?

ಡಾಕ್ಟರಿಗೆ ನೆರವಾಗಿ ಇದ್ದರೆ ಸರಿ, ಡಾಕ್ಟರ ಬದಲಿಗೆ ಬೇಡ. ಎದೆಯ ಎಕ್ಸ್‌ರೇಯಲ್ಲಿ ಟಿಬಿ ಸುಳಿವು ಹುಡುಕಲು ಇಂಥ ಸಾಫ್ಟ್‌ವೇರ್ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಆದರೂ ಖಚಿತ ಮಾಡಿಕೊಳ್ಳಲು ಕಫ ಪರೀಕ್ಷೆ ಬೇಕು.

ನನಗೆ ಜಾಸ್ತಿ ಚಿಂತೆ ಇರುವುದು ಡೇಟಾ ಬಗ್ಗೆ. ಅಮೆರಿಕದಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕು ಎಂದು ಒಂದು ಅಲ್ಗಾರಿದಮ್ (ಕಂಪ್ಯೂಟರ್ ಲೆಕ್ಕದ ವಿಧಾನ) ಆರಿಸುತ್ತಿತ್ತು. ಅದು ನೋಡುತ್ತಿದ್ದದ್ದು ಕಾಯಿಲೆಯನ್ನಲ್ಲ, ಚಿಕಿತ್ಸೆಯ ಖರ್ಚನ್ನು. ಕಪ್ಪು ಜನರಿಗಾಗಿ ಖರ್ಚಾಗುತ್ತಿದ್ದದ್ದು ಕಡಿಮೆ. ಹಾಗಾಗಿ ಬಿಳಿಯರಷ್ಟೇ ಕಾಯಿಲೆ ಇದ್ದರೂ ಅವರು ಪಟ್ಟಿಯಲ್ಲಿ ಹಿಂದೆ ಬಿದ್ದರು. 2019ರ ಒಂದು ಅಧ್ಯಯನದಲ್ಲಿ ಇದು ಬಯಲಾಯಿತು.

ಈಗ ಸುರಪುರ, ಶಹಾಪುರ ಕಡೆಯಿಂದ ಗುಳೆ ಹೋಗುವವರನ್ನು ನೆನೆಸಿಕೊಳ್ಳಿ. ಜ್ವರ ಬಂದರೂ ಕೂಲಿ ತಪ್ಪುತ್ತದೆ ಎಂದು ಎಷ್ಟೋ ಜನ ಆಸ್ಪತ್ರೆಗೇ ಹೋಗುವುದಿಲ್ಲ. ದಾಖಲೆ ಇಲ್ಲದಿದ್ದರೆ ಇಂಥ ಲೆಕ್ಕದಲ್ಲಿ ಅವರು ಆರೋಗ್ಯವಂತರಾಗಿಬಿಡುತ್ತಾರೆ. ಇದು ಅನ್ಯಾಯ ಅಲ್ವಾ?

ಒಪ್ಪಿಗೆಯ ಮಾತೂ ಇದೆ. ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಐ ಬಗ್ಗೆ ತಂದ 2023ರ ಮಾರ್ಗಸೂಚಿ ಹೇಳುತ್ತದೆ. ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ತಾಂಡಾದ ಅಜ್ಜಿಗೆ ಲಂಬಾಣಿಯಲ್ಲೇ ಬಿಡಿಸಿ ಹೇಳಬೇಕು. ಅಂದಹಾಗೆ, ನಿಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸುವ ಆಭಾ ಸಂಖ್ಯೆ ಮಾಡಿಸುವುದು ನಿಮ್ಮ ಇಷ್ಟ, ಕಡ್ಡಾಯ ಅಲ್ಲ.