ಟ್ರ್ಯಾಪ್‌ಗೆ ಯಾವ ಚೋಕ್, ಸ್ಕೀಟ್‌ಗೆ ಯಾವುದು?

ಟೆಕ್ಸಾಸ್‌ನಿಂದ ಕೇಳಿದವರಿಗೆ ಈ ಉತ್ತರ. ನೀವು ಬರೆದದ್ದು ಇಷ್ಟು: 12 ಬೋರ್, ಒಂದರ ಮೇಲೊಂದು ನಳಿಗೆಯ ಹೊಸ ಕೋವಿ, ಜೊತೆಗೆ ಬಂದ ಐದು ಚೋಕ್ ಟ್ಯೂಬು, ಅಂದರೆ ಏಟು ಎಷ್ಟು ಹರಡಬೇಕು ಅನ್ನುವುದನ್ನು ಹಿಡಿತದಲ್ಲಿಡಲು ನಳಿಗೆಯ ಬಾಯಿಗೆ ತಿರುಗಿಸಿ ಹಾಕುವ ಕೊಳವೆ. ಕ್ಲಬ್ಬಿನಲ್ಲಿ ಹಾರುವ ಮಣ್ಣಿನ ಬಿಲ್ಲೆ ಒಡೆಯುವ ಆಟಗಳಾದ ಸ್ಕೀಟ್ (ಬಿಲ್ಲೆ ಅಡ್ಡ ಹಾರುತ್ತದೆ), ಟ್ರ್ಯಾಪ್ (ಬಿಲ್ಲೆ ನಿಮ್ಮಿಂದ ದೂರ ಹಾರುತ್ತದೆ) ಎರಡೂ ಆಡುತ್ತೀರಿ. 'ಫುಲ್ (ಐದರಲ್ಲಿ ಎಲ್ಲಕ್ಕಿಂತ ಬಿಗಿಯದು) ಹಾಕಿದರೆ ಏಟು ಗಟ್ಟಿ' ಅಂತ ಕೊಡಗಿನಲ್ಲಿ ಮನೆಯವರು ಹೇಳಿದ್ದಾರೆ, ಆದರೆ ಸ್ಕೀಟ್‌ನಲ್ಲಿ 25ಕ್ಕೆ 12 ದಾಟುತ್ತಿಲ್ಲ.

ದಾಟುವುದೂ ಇಲ್ಲ. ಸ್ಕೀಟ್‌ನಲ್ಲಿ ಬಿಲ್ಲೆ ಒಡೆಯುವುದು ಹೆಚ್ಚೆಂದರೆ 21 ಗಜದ ಆಸುಪಾಸಿನಲ್ಲಿ, ನಿಂತು ಹೊಡೆಯುವ ಎಂಟು ಸ್ಥಾನಗಳಲ್ಲಿ ಕೊನೆಯದಾದ 8ನೆಯದರಲ್ಲಂತೂ ಕೆಲವೇ ಗಜ. 20 ಗಜದಲ್ಲಿ ಫುಲ್ ಚೋಕಿನಲ್ಲಿ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಹರಡುವುದು ಸುಮಾರು 16 ಇಂಚು, ಚೋಕೇ ಇಲ್ಲದ ಸಿಲಿಂಡರಿನದು ಸುಮಾರು 32 ಇಂಚು. ಅಡ್ಡಳತೆ ಅರ್ಧ ಅಂದರೆ ವಿಸ್ತೀರ್ಣ ಕಾಲು ಭಾಗ. ತಟ್ಟೆಯಷ್ಟು ದೊಡ್ಡ ಏಟಿನಲ್ಲಿ ಅಡ್ಡ ಹಾರುವ ಬಿಲ್ಲೆ ಹಿಡಿಯಲು ಹೊರಟಿದ್ದೀರಿ ಮಾರಾಯ್ರೆ. ತಾಗಿದ್ದು ಪುಡಿಪುಡಿಯಾಗಿ ಹೊಗೆ ಏಳುತ್ತದೆ, ನೋಡಲು ಚೆಂದ, ಆದರೆ ಪುಡಿಗೂ ಒಂದೇ ಅಂಕ, ಒಂದು ಚೂರು ಹಾರಿದರೂ ಒಂದೇ ಅಂಕ.

ಊರಿನ ಮಾತು ಸುಳ್ಳಲ್ಲ, ಅದು ದೂರದ ಏಟಿನ ಲೆಕ್ಕ. ಚೋಕಿನ ಹೆಸರುಗಳನ್ನು ಅಳೆಯುವುದೇ 40 ಗಜದಲ್ಲಿ: 30 ಇಂಚಿನ ವೃತ್ತದೊಳಗೆ ಒಟ್ಟು ಚರೆಯಲ್ಲಿ ಎಷ್ಟು ಬಿತ್ತು ಅಂತ. ಸಿಲಿಂಡರ್ ಶೇ. 40, ಇಂಪ್ರೂವ್ಡ್ ಸಿಲಿಂಡರ್ 50, ಮಾಡಿಫೈಡ್ 60, ಇಂಪ್ರೂವ್ಡ್ ಮಾಡಿಫೈಡ್ 65, ಫುಲ್ 70. ನಿಮ್ಮ ಬಿಲ್ಲೆ ಎಷ್ಟು ಗಜದಲ್ಲಿ ಒಡೆಯುತ್ತದೆ ಅನ್ನುವುದನ್ನು ಮೊದಲು ಹಿಡಿಯಿರಿ, ಟ್ಯೂಬ್ ಆಮೇಲೆ.

ಟ್ರ್ಯಾಪ್‌ನಲ್ಲಿ ನೀವು ನಿಲ್ಲುವುದು ಯಂತ್ರದಿಂದ 16 ಗಜ ಹಿಂದೆ. ಬಿಲ್ಲೆ ಹೊರಬಿದ್ದು ನೀವು ಕೋವಿಯ ಕುದುರೆ (ಟ್ರಿಗರ್) ಎಳೆಯುವ ಹೊತ್ತಿಗೆ ಅದು ನಿಮ್ಮಿಂದ 32-35 ಗಜ ದೂರ ಹೋಗಿರುತ್ತದೆ. ಅದಕ್ಕೆ ಮಾಡಿಫೈಡ್. ನಿಧಾನಕ್ಕೆ ಹೊಡೆಯುವ ಅಭ್ಯಾಸವಿದ್ದರೆ ಇಂಪ್ರೂವ್ಡ್ ಮಾಡಿಫೈಡ್. ಫುಲ್‌ಗೆ ಕೆಲಸ ಬರುವುದು ಹ್ಯಾಂಡಿಕ್ಯಾಪ್‌ನಲ್ಲಿ (ಚೆನ್ನಾಗಿ ಹೊಡೆಯುವವರನ್ನು ಇನ್ನೂ ಹಿಂದೆ ನಿಲ್ಲಿಸುವ ಆಟ), 27 ಗಜದ ಗೆರೆಗೆ ಹೋದಾಗ. ಸ್ಕೀಟ್‌ಗೆ ಎರಡೂ ನಳಿಗೆಗೆ ಸ್ಕೀಟ್ ಟ್ಯೂಬ್ ಒಳ್ಳೆಯದು, ನಿಮ್ಮ ಐದರಲ್ಲಿ ಅದು ಇಲ್ಲದಿದ್ದರೆ ಒಂದಕ್ಕೆ ಸಿಲಿಂಡರ್, ಇನ್ನೊಂದಕ್ಕೆ ಇಂಪ್ರೂವ್ಡ್ ಸಿಲಿಂಡರ್. ಮುಂದೆ ಸ್ಪೋರ್ಟಿಂಗ್ ಕ್ಲೇಸ್ (ಸ್ಥಾನದಿಂದ ಸ್ಥಾನಕ್ಕೆ ಬಿಲ್ಲೆಯ ದೂರ, ದಿಕ್ಕು ಬದಲಾಗುವ ಆಟ) ಆಡುವುದಾದರೆ ಇಂಪ್ರೂವ್ಡ್ ಸಿಲಿಂಡರ್, ಮಾಡಿಫೈಡ್ ಜೋಡಿ ಹಾಕಿ ಮರೆತುಬಿಡಿ. ಪ್ರತಿ ಸ್ಥಾನದಲ್ಲೂ ಟ್ಯೂಬ್ ಬದಲಿಸಲು ಕೀಲಿ ತಿರುಗಿಸುತ್ತ ನಿಲ್ಲುವವರಿಗೆ ಬಿಲ್ಲೆಯ ಮೇಲೆ ಕಣ್ಣಿರುವುದಿಲ್ಲ.

ಟ್ಯೂಬಿನ ಗುರುತು ಓದುವಾಗ ತಪ್ಪುವವರು ಬಹಳ. ಬಾಯಿಯ ಅಂಚಿನ ಕಚ್ಚುಗಳನ್ನು ಎಣಿಸಿ: ಸಾಮಾನ್ಯವಾಗಿ ಒಂದು ಕಚ್ಚು ಅಂದರೆ ಫುಲ್, ಮೂರು ಮಾಡಿಫೈಡ್, ನಾಲ್ಕು ಇಂಪ್ರೂವ್ಡ್ ಸಿಲಿಂಡರ್, ಐದು ಸಿಲಿಂಡರ್. ಕಚ್ಚು ಹೆಚ್ಚಿದಷ್ಟೂ ಬಾಯಿ ಸಡಿಲ, ನಾವು ಊಹಿಸುವುದಕ್ಕೆ ಉಲ್ಟಾ. ಬೆರೆಟ್ಟಾ ಕಂಪನಿಯ ನಕ್ಷತ್ರದ ಗುರುತೂ ಇದೇ ಕ್ರಮ. ಇನ್ನು ಡೈಮ್ (ಅಮೆರಿಕದ ಹತ್ತು ಸೆಂಟ್) ನಾಣ್ಯ ನಳಿಗೆಯ ಬಾಯಿಗೆ ಇಳಿಯದಿದ್ದರೆ ಫುಲ್ ಅಂತ ಕ್ಲಬ್ಬಿನಲ್ಲಿ ಯಾರಾದರೂ ತೋರಿಸಿದರೆ ನಕ್ಕು ಸುಮ್ಮನಾಗಿ. ಚೋಕ್ ಅಂದರೆ ನಳಿಗೆಯ ಒಳಅಳತೆ ಮತ್ತು ಟ್ಯೂಬಿನ ಬಾಯಿ, ಇವೆರಡರ ವ್ಯತ್ಯಾಸ. ಒಳಅಳತೆ 0.729 ಇಂಚು, ಬಾಯಿ 0.709 ಆದರೆ ವ್ಯತ್ಯಾಸ 0.020, ಅಂದರೆ ಮಾಡಿಫೈಡ್. ಒಳಅಳತೆ ಹೆಚ್ಚು ಕೊರೆದ ಕೋವಿಯಲ್ಲಿ ಅದೇ ಬಾಯಿ ಇನ್ನೂ ಬಿಗಿ ಚೋಕ್ ಆಗುತ್ತದೆ. ನಾಣ್ಯಕ್ಕೆ ಇದು ಹೇಗೆ ಗೊತ್ತಾಗಬೇಕು?

ಗುರುತನ್ನೂ ಪೂರ್ತಿ ನಂಬಬೇಡಿ. ಗಟ್ಟಿ ಚರೆ, ಪ್ಲಾಸ್ಟಿಕ್ ಬಟ್ಟಲಿನ ಒಳ್ಳೆಯ ತೋಟೆ ಹಾಕಿದರೆ ಮಾಡಿಫೈಡ್ ಟ್ಯೂಬೇ ಫುಲ್‌ನಂತೆ ಹೊಡೆಯುವುದುಂಟು. ಮೆತ್ತನೆಯ ಸೀಸದ ಅಗ್ಗದ ತೋಟೆಯಲ್ಲಿ ಚರೆ ಚಪ್ಪಟೆಯಾಗಿ ಪಕ್ಕಕ್ಕೆ ಚದುರುತ್ತದೆ. ಆದ್ದರಿಂದ ಒಂದು ಬೆಳಿಗ್ಗೆ ಕಾಗದಕ್ಕೆ ಹೊಡೆಯಿರಿ, ಕ್ಲಬ್ಬಿನಲ್ಲಿ ಅದಕ್ಕೆಂದೇ ಜಾಗ ಇದೆಯೇ ಕೇಳಿ. ನಾಲ್ಕಡಿ ಚೌಕದ ಕಾಗದ, ಮಧ್ಯೆ ಒಂದು ಚುಕ್ಕಿ. ಸ್ಕೀಟ್ ಟ್ಯೂಬಿಗೆ 21 ಗಜ, ಟ್ರ್ಯಾಪ್ ಟ್ಯೂಬಿಗೆ 33 ಗಜ ಅಳೆದು ನಿಲ್ಲಿ. ಒಂದು ಹಾಳೆಗೆ ಒಂದೇ ಏಟು, ಪ್ರತಿ ಟ್ಯೂಬಿಗೂ ಕನಿಷ್ಠ ಐದು ಹಾಳೆ. ಒಂದು ಹಾಳೆ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೀರಿ, ಒಂದು ಏಟಿಗೂ ಇನ್ನೊಂದಕ್ಕೂ ಅಷ್ಟು ಅಂತರ ಇರುತ್ತದೆ. ಹೊಡೆದ ಮೇಲೆ ತೂತುಗಳು ದಟ್ಟವಾಗಿರುವ ಕಡೆ ನಡುವನ್ನು ಗುರುತಿಸಿ, 15 ಇಂಚಿನ ದಾರ ಹಿಡಿದು ವೃತ್ತ ಎಳೆಯಿರಿ.

ಇಲ್ಲಿ ಶೇಕಡಾ ಲೆಕ್ಕ ಬೇಡ, ಅದು 40 ಗಜದ್ದು. ರಟ್ಟಿನಲ್ಲಿ ನಾಲ್ಕೂಕಾಲು ಇಂಚು ಉದ್ದ, ಒಂದೂಕಾಲು ಇಂಚಿಗೆ ಸ್ವಲ್ಪ ಕಡಿಮೆ ಅಗಲದ ಪಟ್ಟಿ ಕತ್ತರಿಸಿ. ಬಿಲ್ಲೆ ಅಂಚು ತೋರಿಸಿಕೊಂಡು ಹೋಗುವಾಗ ನಿಮಗೆ ಕಾಣುವುದು ಹೆಚ್ಚುಕಮ್ಮಿ ಅಷ್ಟೇ. ಅದನ್ನು ವೃತ್ತದೊಳಗೆಲ್ಲ ಸರಿಸುತ್ತ ಹೋಗಿ. ಎರಡು-ಮೂರು ತೂತೂ ಸಿಗದ ಜಾಗಗಳು ಹಾಳೆ ಹಾಳೆಯಲ್ಲೂ ತುಂಬಾ ಇದ್ದರೆ ಒಂದು ಹಂತ ಬಿಗಿ ಟ್ಯೂಬ್ ಹಾಕಿ, ಇಲ್ಲವೇ ಸಣ್ಣ ಚರೆಗೆ ಇಳಿಯಿರಿ. ಒಂದು ಔನ್ಸ್ ತೋಟೆಯಲ್ಲಿ 7½ ನಂಬರಿನ ಚರೆ ಸುಮಾರು 350, 8 ನಂಬರಾದರೆ 410, 9 ನಂಬರಾದರೆ 585. ಸ್ಕೀಟ್‌ಗೆ 9, ಟ್ರ್ಯಾಪ್‌ಗೆ 7½ ಅಥವಾ 8. ಚಿಕ್ಕ ಚರೆ ದೂರದಲ್ಲಿ ಬಲ ಕಳೆದುಕೊಳ್ಳುತ್ತದೆ, ಹಾಗಾಗಿ 9ನ್ನು ಟ್ರ್ಯಾಪ್‌ಗೆ ಒಯ್ಯಬೇಡಿ. ಐದೂ ಹಾಳೆಯಲ್ಲಿ ವೃತ್ತವೇ ಚುಕ್ಕಿಯಿಂದ ಎಡಕ್ಕೋ ಬಲಕ್ಕೋ ಸರಿದಿದ್ದರೆ ಮೊದಲೇ ಚೋಕನ್ನು ದೂರಬೇಡಿ, ಕೋವಿಯ ಹಿಡಿ ನಿಮ್ಮ ಭುಜಕ್ಕೂ ಕೆನ್ನೆಗೂ ಕೂರುತ್ತಿದೆಯೇ ನೋಡಿ.

ಉಕ್ಕಿನ ಚರೆಯನ್ನೇ ಬಳಸಬೇಕೆಂಬ ಕ್ಲಬ್ಬುಗಳಿವೆ. ಉಕ್ಕು ಅದುಮಿಕೊಳ್ಳುವುದಿಲ್ಲ, ಸೀಸಕ್ಕಿಂತ ಬಿಗಿಯಾಗಿ ಹೋಗುತ್ತದೆ. ಟ್ಯೂಬಿನ ಮೇಲೆ ಉಕ್ಕಿಗೆ ಸರಿ ಅಂತ ಬರೆದಿದ್ದರೆ ಮಾತ್ರ ಹೊಡೆಯಿರಿ, ಮಾಡಿಫೈಡ್‌ಗಿಂತ ಬಿಗಿ ಬೇಡ.

ಟ್ಯೂಬ್ ಹಾಕುವ ಮೊದಲು ಕೋವಿ ಮಡಚಿ ತೆರೆದು, ತೋಟೆ ಕೂರುವ ಎರಡೂ ಕೋಣೆ ಖಾಲಿ ಇದೆಯೇ ಕಣ್ಣಲ್ಲಿ ನೋಡಿ. ಟ್ಯೂಬಿನ ಮರೆಗೆ (ತಿರುಪಿನ ಗೆರೆಗಳಿಗೆ) ತೆಳ್ಳಗೆ ಗ್ರೀಸ್ ಸವರಿ, ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಕೀಲಿಯಿಂದ ಸ್ವಲ್ಪ ಬಿಗಿ ಮಾಡಿದರೆ ಸಾಕು. ಪ್ರತಿ 25 ಏಟಿಗೊಮ್ಮೆ ಮುಟ್ಟಿ ನೋಡಿ, ನಳಿಗೆ ಬಿಸಿಯಾಗಿ ಸಡಿಲಾಗುತ್ತದೆ. ಸಡಿಲಾದ ಟ್ಯೂಬಿನ ಹಿಂಬದಿ ಅಂಚಿಗೆ ಚರೆಯ ಬಟ್ಟಲು ತಗುಲಿದರೆ ಟ್ಯೂಬ್ ಸೀಳಿ ನಳಿಗೆಯೂ ಉಬ್ಬಬಹುದು. ಟ್ಯೂಬೇ ಇಲ್ಲದೆ ಹೊಡೆದರೆ ಮರೆ ಕೆಟ್ಟೇ ಕೆಡುತ್ತದೆ. ಬೇರೆ ಕಂಪನಿಯ ಟ್ಯೂಬ್ ಅರ್ಧ ತಿರುಗಿದರೆ ಅದು ನಿಮ್ಮದಲ್ಲ, ಒತ್ತಬೇಡಿ. ಸಿಕ್ಕಿಕೊಂಡದ್ದಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಇಕ್ಕಳ ಹಾಕಿದರೆ ಬಾಯಿ ಕೋಳಿಮೊಟ್ಟೆಯ ಆಕಾರಕ್ಕೆ ಬರುತ್ತದೆ.

ಊರಲ್ಲಿರುವ ಅಜ್ಜನ ಜೋಡು ನಳಿಗೆ ತೋಟೆ ಕೋವಿಯ ಬಗ್ಗೆಯೂ ಕೇಳಿದ್ದೀರಿ. ಅದರ ಚೋಕ್ ನಳಿಗೆಯಲ್ಲೇ ಇರುವಂಥದ್ದು, ಸಾಮಾನ್ಯವಾಗಿ ಬಲದ್ದು ಸಡಿಲ, ಎಡದ್ದು ಬಿಗಿ. ಬಾಯಿಯ ಒಂದೆರಡು ಇಂಚು ಕೊಯ್ಸಿದರೆ 'ಅಗಲವಾಗಿ ಹೊಡೆಯುತ್ತದೆ' ಅನ್ನುವವರ ಮಾತು ಕೇಳಬೇಡಿ. ಚೋಕ್ ಇರುವುದೇ ಆ ತುದಿಯಲ್ಲಿ, ಹೋದರೆ ಹೋಯಿತು, ಮೇಲಾಗಿ ಪರವಾನಗಿಯಿಲ್ಲದೆ ನಳಿಗೆ ಮೋಟು ಮಾಡುವುದು ಅಪರಾಧ. ಹಳೆಯ ಇಂಗ್ಲಿಷ್ ಕೋವಿಯಾದರೆ ನಳಿಗೆಯ ಅಡಿಯಲ್ಲಿ 'ನಾಟ್ ಫಾರ್ ಬಾಲ್' (ಒಂಟಿ ಗುಂಡಿಗಲ್ಲ) ಅಥವಾ 'ಚೋಕ್' ಅಂತ ಕೆತ್ತಿದೆಯೇ ನೋಡಿ. ಇದ್ದರೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಕ್ಕೆ ಆ ನಳಿಗೆಯಲ್ಲಿ ಒಂಟಿ ಗುಂಡು ಹಾಕಲೇಬೇಡಿ. ಕೋಣೆ ಎರಡೂವರೆ ಇಂಚಿನದ್ದಾದರೆ ಈಗಿನ ಎರಡೂಮುಕ್ಕಾಲು ಇಂಚಿನ ತೋಟೆಯೂ ಬೇಡ. ಒಳಗೆ ಇಳಿಯುತ್ತದೆ ನಿಜ, ತೋಟೆಯ ಬಾಯಿ ಬಿಚ್ಚಿಕೊಳ್ಳಲು ಜಾಗ ಇಲ್ಲದೆ ಒತ್ತಡ ಏರುತ್ತದೆ. ಉಕ್ಕಿನ ಚರೆಯಂತೂ ಅದಕ್ಕೆ ಆಗುವುದೇ ಇಲ್ಲ.