ತೋಟ ತುಂಬ ಹಕ್ಕಿ ಇರುವಾಗ ಬೆಟ್ಟ ಯಾಕೆ ಬೇಕು?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟವೂ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡೂ ಇದೆ. ಬೆಳಿಗ್ಗೆ ತೋಟಕ್ಕೆ ಇಳಿದರೆ ಬೆಟ್ಟಕ್ಕಿಂತ ಜಾಸ್ತಿ ಹಕ್ಕಿ ಕೂಗು ಕೇಳುತ್ತದೆ. ‘ಹಕ್ಕಿಗೆ ತೋಟವೇ ಸಾಕು, ಬೆಟ್ಟದ ಮರ ತೆಗೆದು ಅಕೇಶಿಯಾ ಹಾಕೋಣ’ ಅನ್ನುತ್ತಾನೆ ತಮ್ಮ. ಇದು ಸರಿಯೇ?

ಉತ್ತರ: ನಿಮ್ಮ ಕಿವಿ ಸುಳ್ಳು ಹೇಳಿಲ್ಲ. ನಿಮ್ಮ ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲೇ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅಲ್ಲಿನ ಕಾಡುಹಕ್ಕಿಗಳ ಜಾತಿಗಳಲ್ಲಿ ಶೇ 90ರಷ್ಟು ಅಡಿಕೆ ಬೆಳೆಯುವ ನೆಲದಲ್ಲೂ ಸಿಕ್ಕವು. ಎರಡು ಸಾವಿರ ವರ್ಷದಿಂದ ಬೇಸಾಯ ನಡೆದ ನೆಲದಲ್ಲಿ ಇಷ್ಟು ಹಕ್ಕಿ ಉಳಿದಿವೆ ಅಂದರೆ ಸಣ್ಣ ಮಾತಲ್ಲ.

ಆದರೆ ಆ ಲೆಕ್ಕವನ್ನು ಬೆಟ್ಟ ಬಿಟ್ಟು ಓದಬಾರದು. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ಬೇಕು. ಅದಕ್ಕೇ ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟರು. ನಿಮ್ಮ ಹಿರಿಯರು ಸೊಪ್ಪಿಗಾಗಿ ಮರ ಉಳಿಸಿಕೊಂಡರು, ಆ ಮರಗಳಲ್ಲಿ ಹಕ್ಕಿ ಉಳಿದವು. ತೋಟದಲ್ಲಿ ನೀವು ಕಾಣುವ ಎಷ್ಟೋ ಹಕ್ಕಿಗಳಿಗೆ ಮನೆ ಬೆಟ್ಟದಲ್ಲಿದೆ.

ಇನ್ನೊಂದು ವಿಷಯ. ಎಷ್ಟು ಕೂಗು ಕೇಳುತ್ತದೆ ಅನ್ನುವುದಕ್ಕಿಂತ ಯಾರ ಕೂಗು ಅನ್ನುವುದು ಮುಖ್ಯ. ಪಿಕಳಾರ, ಮಡಿವಾಳ ಹಕ್ಕಿ, ಸೂರಕ್ಕಿ ತೆರೆದ ಜಾಗದಲ್ಲೂ ಹಾಯಾಗಿರುತ್ತವೆ, ಗದ್ದಲವೂ ಜಾಸ್ತಿ. ಕಾಕರಣೆಯಂಥ (ಟ್ರೋಗನ್) ಹಕ್ಕಿ ಹಾಗಲ್ಲ. ದಟ್ಟ ನೆರಳಲ್ಲಿ ಸುಮ್ನೆ ಕೂತಿರುತ್ತದೆ, ಲಡ್ಡಾದ, ಅಂದರೆ ಕೊಳೆತು ಮೆತ್ತಗಾದ ಮರದ ಮೋಟಿನಲ್ಲಿ ಗೂಡು ಕೊರೆಯುತ್ತದೆ. ಕೆಳಗಿನ ಪೊದೆ, ತರಗೆಲೆಗಳ ನಡುವೆ ಹುಳ ಹೆಕ್ಕಿ ಬದುಕುವ ಹಕ್ಕಿಗಳದ್ದೂ ಇದೇ ಪಾಡು. ಕಾಡು ತೆಳುವಾದರೆ ಮೊದಲು ಕಾಣೆಯಾಗುವುದು ಇವೇ. ಗದ್ದಲ ಅಷ್ಟೇ ಇರುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ.

ಮಂಗಟ್ಟೆಯನ್ನು (ಹಾರ್ನ್‌ಬಿಲ್) ನೋಡಿ. ಅದು ತಾನೇ ಮರ ಕೊರೆಯುವುದಿಲ್ಲ, ಹಳೆಯ ದೊಡ್ಡ ಮರದ ಪೊಟರೆಯೇ ಬೇಕು. ಹೆಣ್ಣು ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಮ್ಮೆ ಅಂಥ ಮರದ ಕೆಳಗೆ ಅರ್ಧ ದಿನ ಕೂತಿದ್ದೆ. ಗಂಡು ಬಂದು, ಗಂಟಲಿಂದ ಅತ್ತಿಹಣ್ಣನ್ನು ಒಂದೊಂದಾಗಿ ಮೇಲೆ ತಂದು, ಸೀಳಿನೊಳಗೆ ಕೊಟ್ಟು ಹೋಗುತ್ತಿತ್ತು. ಬುಡದಲ್ಲಿ ಉಗುಳಿದ ಬೀಜಗಳ ರಾಶಿ. ಹೀಗೆ ಸುಮಾರು ಮೂರು ತಿಂಗಳು ನಡೆಯಬೇಕು. ಅಷ್ಟೂ ದಿನ ಹಾರುವ ದೂರದಲ್ಲಿ ಒಂದಲ್ಲ ಒಂದು ಮರ ಹಣ್ಣು ಬಿಟ್ಟಿರಬೇಕು, ಅಲ್ವಾ? ಅಕೇಶಿಯಾ ನೆಡುತೋಪಿನಲ್ಲಿ ಅದಕ್ಕೆ ಬೇಕಾದ ಹಣ್ಣಿಲ್ಲ. ಪೊಟರೆ ಬೀಳುವಷ್ಟು ವಯಸ್ಸಾಗುವ ಮೊದಲೇ ಮರ ಕಡಿದುಬಿಡುತ್ತೇವೆ. ಅದರ ಎಲೆ ಬೇಗ ಕೊಳೆಯುವುದೂ ಇಲ್ಲ, ಗೊಬ್ಬರಕ್ಕೂ ನಷ್ಟ.

ಬೆಟ್ಟದ ಮರ ಮುಟ್ಟಲು ಕಾನೂನಿನ ಕಟ್ಟೂ ಇದೆ, ಅದನ್ನು ತಮ್ಮನಿಗೆ ಹೇಳಿ. ನನ್ನ ಕೋರಿಕೆ ಬೇರೆ. ಅವನನ್ನು ಫೆಬ್ರುವರಿಯಲ್ಲಿ ಒಂದು ದಿನ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ಪೊಟರೆ ಇರುವ ಮರಗಳನ್ನು ಇಬ್ಬರೂ ಎಣಿಸಿ.

ಪ್ರಶ್ನೆ: ಮೂಡಿಗೆರೆಯಲ್ಲಿ ನಮ್ಮ ಕಾಫಿ ತೋಟ. ಅರೇಬಿಕಾ ತೆಗೆದು ರೋಬಸ್ಟಾ ಹಾಕಿದರೆ ಹಕ್ಕಿ ಕಮ್ಮಿಯಾಗುತ್ತವೆಯೇ? ಕಾಡುಮರದ ಬದಲು ಸಿಲ್ವರ್ ಓಕ್ ಬೆಳೆಸಬಹುದೇ?

ಉತ್ತರ: ಮೊದಲನೆಯದಕ್ಕೆ ಅಷ್ಟು ಹೆದರಬೇಡಿ. ಪಶ್ಚಿಮ ಘಟ್ಟದ ಕಾಫಿ ತೋಟಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನದಲ್ಲಿ ಕಾಡನ್ನೇ ನೆಚ್ಚಿಕೊಂಡ 79 ಜಾತಿಯ ಹಕ್ಕಿ ಸಿಕ್ಕಿದ್ದವು. ರೋಬಸ್ಟಾ ತೋಟದಲ್ಲಿ ನೆರಳು ತೆಳುವಾಗಿದ್ದರೂ ಹಕ್ಕಿ ವೈವಿಧ್ಯ ಅರೇಬಿಕಾಕ್ಕಿಂತ ಹೆಚ್ಚೇನೂ ಕಮ್ಮಿ ಇರಲಿಲ್ಲ. ರೋಬಸ್ಟಾಕ್ಕೆ ಬಿಳಿ ಕಾಂಡಕೊರಕ ಹುಳದ ಕಾಟವಿಲ್ಲ, ಆ ಮಟ್ಟಿಗೆ ಔಷಧಿ ಹೊಡೆಯುವುದೂ ತಪ್ಪುತ್ತದೆ.

ನನಗೆ ಭಯವಿರುವುದು ಸಿಲ್ವರ್ ಓಕ್ ವಿಷಯದಲ್ಲೇ. ಆಸ್ಟ್ರೇಲಿಯಾದ ಮರ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಅನುಕೂಲ, ಒಪ್ಪುತ್ತೇನೆ. ಹೂವಿಗೆ ಸೂರಕ್ಕಿ ಬರಬಹುದು. ಆದರೆ ಅತ್ತಿ, ಗೋಳಿ, ಬಸರಿ, ನೇರಳೆ ಕೊಡುವ ಹಣ್ಣನ್ನು ಅದು ಕೊಡುವುದಿಲ್ಲ. ಖಾಲಿ ಜಾಗದಲ್ಲಿ ಬೇಕಾದರೆ ನೆಡಿ, ಇರುವ ಕಾಡುಮರ ಕಡಿದು ಬೇಡ. ಮರಗಸಿ ಮಾಡುವಾಗ (ನೆರಳಿನ ಮರದ ಕೊಂಬೆ ಸವರುವಾಗ) ಒಣಗಿದ ಹಾಲುವಾಣದ ಒಂದೆರಡು ಕೊಂಬೆ ಹಾಗೇ ಬಿಡಿ. ಕುಟ್ರು ಹಕ್ಕಿ ಗೂಡು ಕೊರೆಯುವುದು ಅಂಥ ಮೆತ್ತನೆ ಮರದಲ್ಲೇ.

ಪ್ರಶ್ನೆ: ಸುಳ್ಯದ ನಮ್ಮ ರಬ್ಬರ್ ತೋಟದಲ್ಲಿ ಹಕ್ಕಿಯೇ ಇಲ್ಲ. ಏನಾದರೂ ಮಾಡಬಹುದೇ?

ಉತ್ತರ: ಒಂದೇ ಜಾತಿಯ, ಒಂದೇ ವಯಸ್ಸಿನ ಮರ. ಹಕ್ಕಿಗೆ ತಿನ್ನಲು ಹಣ್ಣಿಲ್ಲ, ಕೆಳಗೆ ಪೊದೆಯಿಲ್ಲ, ಟ್ಯಾಪಿಂಗ್‌ಗೆ ಜನರ ಓಡಾಟ ಬೇರೆ. ರಬ್ಬರ್ ಸಾಲಿನೊಳಗೆ ಮಾಡಲು ಹೆಚ್ಚೇನಿಲ್ಲ. ಆದರೆ ತೋಡಿನ (ಹಳ್ಳದ) ಎರಡೂ ಬದಿ ಕಳೆನಾಶಕ ಹೊಡೆಯದೆ, ಮರ, ಪೊದೆ ಬೆಳೆಯಲು ಬಿಡಿ. ಮನುಷ್ಯರ ಹಾಗೆ ಸಿಳ್ಳೆ ಹಾಕುವ ನೀಲಿ ಸಿಳ್ಳಾರ ತೋಡಿನ ಬಂಡೆ ಸಂದಿಯಲ್ಲಿ ಗೂಡು ಕಟ್ಟುತ್ತದೆ. ಮಳೆ ಹಿಡಿದ ಮೇಲೆ ಬೆಳಗಿನ ಜಾವ ಕಿವಿಗೊಡಿ.